ಗಾಯ ನಿಜ, ಬಿಲ್ಲು?

ಬೆಟ್ಟದಪುರದ ರಸ್ತೆಯಲ್ಲಿ ಚಾಲಕನ ಅಜಾಗ್ರತೆಯಿಂದ ಕಾರು ಬಡಿದು ಒಬ್ಬನ ಕಾಲು ಮುರಿಯಿತೆನ್ನಿ. 1988ರ ಮೋಟಾರು ವಾಹನ ಕಾಯ್ದೆಯಂತೆ ಆ ಕಾರಿಗೆ ವಿಮೆ ಕಡ್ಡಾಯ. ಗಾಯಾಳು ಚಿಕಿತ್ಸೆಯ ವೆಚ್ಚವನ್ನು ನ್ಯಾಯಮಂಡಳಿಯಲ್ಲಿ ಕೇಳಬಹುದು. ಅದು ಭಿಕ್ಷೆಯಲ್ಲ, ಹಕ್ಕು. ಪ್ರಮಾದದಿಂದಾದ ಸಾವಿಗೂ ಕುರ್‌ಆನ್ ದಿಯತ್ ವಿಧಿಸಿದೆ.

ಆದರೆ 40 ಸಾವಿರ ಖರ್ಚಾದವನಿಗೆ, '70ರ ಬಿಲ್ಲು ಮಾಡಿಸೋಣ, ಕಂಪನಿಯ ದುಡ್ಡು ತಾನೇ?' ಎನ್ನುವವರು ಸಿಗುತ್ತಾರೆ. ಅದು ಸಾವಿರಾರು ಜನ ಕಟ್ಟಿದ ಹಣ. ನೋವಿಗೂ ಕಳೆದುಹೋದ ಕೂಲಿಗೂ ಕಾನೂನಿನಲ್ಲೇ ಪರಿಹಾರವಿರುವಾಗ ಸುಳ್ಳೇಕೆ?

ಪರರ ಸೊತ್ತು ಕಬಳಿಸಲು ನ್ಯಾಯಾಧಿಕಾರಿಗಳನ್ನು ಬಳಸುವುದನ್ನು ಅಲ್ ಬಕರ 188ನೇ ಸೂಕ್ತ ನಿಷೇಧಿಸಿದೆ. ವಾದಚಾತುರ್ಯದಿಂದ ಗೆದ್ದ ಪರರ ಹಕ್ಕು ಬೆಂಕಿಯ ತುಂಡೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ತೀರ್ಪು ನಮ್ಮ ಪರವಾದ ಮಾತ್ರಕ್ಕೆ ಹರಾಮ್ ಹಲಾಲ್ ಆಗದು.

ಪ್ರತಿ ರಶೀದಿಯನ್ನೂ ಜೋಪಾನವಾಗಿಡಿ. ಹಕ್ಕನ್ನು ಪೂರ್ತಿ ಕೇಳಿ. ಒಂದು ರೂಪಾಯಿಯೂ ಹೆಚ್ಚು ಬೇಡ.