ಕೊನೆಯದಾಗಿ ಏನು ಬದಲಾಯಿಸಿದ್ರಿ?

ಆಫೀಸಿನಲ್ಲಿ ಯಾವುದಾದರೂ ಸರ್ವರ್ ಮಲಗಿದರೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಎದುರಿಗಿರುವ ಹುಡುಗನ ಉತ್ತರವೂ ಹೆಚ್ಚುಕಮ್ಮಿ ಒಂದೇ: 'ಏನೂ ಇಲ್ಲ ಸರ್, ತಾನಾಗೇ ನಿಂತುಹೋಯ್ತು.' ಆಮೇಲೆ ಲಾಗ್ ತೆಗೆದರೆ ಹಿಂದಿನ ಸಂಜೆ ಆರೂವರೆಗೆ ಅವನೇ ಒಂದು ಸಾಲು ಬದಲಾಯಿಸಿರುತ್ತಾನೆ. ಆಗ ನಾನು ಪ್ರಾಮಾಣಿಕತೆಯ ಬಗ್ಗೆ ಒಂದು ಪುಟ್ಟ ಭಾಷಣ ಮಾಡ್ತೀನಿ. ಆ ಭಾಷಣ ಮಾಡುವ ಯೋಗ್ಯತೆ ನನಗೆಷ್ಟಿದೆ ಅಂತ ಗೊತ್ತಾದ ಕಥೆ ಇದು.

2013ರಲ್ಲಿ ನನ್ನ ದುಡ್ಡಿನಲ್ಲಿ ಮೊದಲ ಡೆಸ್ಕ್‌ಟಾಪ್ ಮಾಡಿಸಿಕೊಂಡೆ. ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿ. ಅಲ್ಲಿನ ಹುಡುಗನೊಬ್ಬ ನನ್ನ ಕಣ್ಣೆದುರೇ ಒಂದೊಂದೇ ಭಾಗ ಕೂರಿಸಿ, ವೈರುಗಳನ್ನೆಲ್ಲ ಹಿಂದೆ ಅಚ್ಚುಕಟ್ಟಾಗಿ ಕಟ್ಟಿ ಕೊಟ್ಟ. ಹಳ್ಳಿಯಿಂದ ಬಂದು, ಬಿ.ಇ. ಸೇರಿದ ಮೇಲಷ್ಟೇ ಕಂಪ್ಯೂಟರ್ ಮುಟ್ಟಿದ ನನಗೆ ಆ ಕ್ಯಾಬಿನೆಟ್ ಮನೆಗೆ ತಂದ ದಿನ ಹೊಸ ಎತ್ತು ತಂದಷ್ಟೇ ಸಂಭ್ರಮ.

ನಾಲ್ಕು ತಿಂಗಳಾದ ಮೇಲೆ ಹುಚ್ಚು ಹತ್ತಿತು. ಪ್ರೊಸೆಸರ್ 3.3 ಗಿಗಾಹರ್ಟ್ಸ್‌ನದು. ಗೆಳೆಯನೊಬ್ಬ ತನ್ನದನ್ನು 4.5ರಲ್ಲಿ ಓಡಿಸುತ್ತಿದ್ದ. ನನಗೇನೂ ಆ ವೇಗ ಬೇಕಿರಲಿಲ್ಲ, ಅವನಿಗಿಂತ ಕಮ್ಮಿ ಇರಬಾರದಿತ್ತು ಅಷ್ಟೇ. ವೇಗ ಏರಿಸಿದಂತೆ ಯಂತ್ರ ತಡವರಿಸುತ್ತದೆ. ಆಗ ವೋಲ್ಟೇಜ್ ಏರಿಸಬೇಕು. ನಾನು ಸ್ವಲ್ಪಸ್ವಲ್ಪವೇ ಏರಿಸುತ್ತಾ 1.2 ವೋಲ್ಟ್‌ನಿಂದ 1.55ಕ್ಕೆ ಹೋದೆ. ಕೇಳೋಕೆ ಮೂವತ್ತೈದು ಪೈಸೆಯಷ್ಟು ವ್ಯತ್ಯಾಸ. ಆದರೆ ಚಿಪ್ಪಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಜೊತೆಗೆ ವೇಗಕ್ಕೂ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಎರಡೂಕಾಲು ಪಟ್ಟು. ಅದನ್ನು ತಣಿಸೋಕೆ ಇದ್ದದ್ದು ಪ್ರೊಸೆಸರ್ ಜೊತೆ ಡಬ್ಬಿಯಲ್ಲಿ ಬಂದ ಪುಟ್ಟ ಫ್ಯಾನು. ಬಿಸಿ ಸಾಲದು ಅಂತ, ಹೆಚ್ಚಿನ ವಿದ್ಯುತ್ತು ಒಳಗಿನ ಕೂದಲಿಗಿಂತ ಎಷ್ಟೋ ಸಣ್ಣ ತಂತಿಗಳ ಲೋಹದ ಪರಮಾಣುಗಳನ್ನೇ ನಿಧಾನವಾಗಿ ತಳ್ಳಿಕೊಂಡು ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ!

ರಾತ್ರಿ ಒಂದು ಗಂಟೆ ಚೆನ್ನಾಗಿಯೇ ಓಡಿತು. ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ದೀಪ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಒಂದು ಬೀಪ್ ಕೂಡ ಇಲ್ಲ.

ಇಂಥ ಹೊತ್ತಿನಲ್ಲಿ ಮಾಡುವ ಕ್ರಮ ಒಂದಿದೆ. ಪ್ಲಗ್ ಕಿತ್ತು, ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಮೂರು ವೋಲ್ಟಿನ ಬ್ಯಾಟರಿ ತೆಗೆದು, ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕೋದು. ನಾವು ಬದಲಾಯಿಸಿದ್ದನ್ನೆಲ್ಲ ಬೋರ್ಡು ಮರೆತು ಮೂಲಸ್ಥಿತಿಗೆ ಬರುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಯಂತ್ರ ಎದ್ದು ಕೂರುತ್ತೆ. ನನ್ನದು ಏಳಲಿಲ್ಲ. ಜಂಪರ್ ಬದಲಿಸಿದೆ, ಒಂದೇ ರ‍್ಯಾಮ್ ಇಟ್ಟು ನೋಡಿದೆ, ಗ್ರಾಫಿಕ್ಸ್ ಕಾರ್ಡ್ ತೆಗೆದು ನೋಡಿದೆ. ಊಹೂಂ. ಬೋರ್ಡಿಗೆ ಮರೆವು ಬರಿಸಬಹುದು, ಸುಟ್ಟ ಸಿಲಿಕಾನಿಗೆ ಆಗಲ್ಲ.

ಕ್ಯಾಬಿನೆಟ್ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ವಾರಂಟಿ ಇನ್ನೂ ಇತ್ತು. ಹುಡುಗ ಕೇಳಿದ, 'ಏನಾಯ್ತು ಸರ್?'

'ರಾತ್ರಿ ಚೆನ್ನಾಗಿತ್ತು, ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಆನ್ ಆಗ್ಲಿಲ್ಲ.'

ಗಮನಿಸಿ, ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಆನೆಯ ಸಾವನ್ನು ಹೇಳುವಾಗ ಧರ್ಮರಾಯ ಕೂಡ ನಿಘಂಟಿನ ಪ್ರಕಾರ ಸುಳ್ಳಾಡಲಿಲ್ಲ. ಆದರೂ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಅವತ್ತು ನೆಲಕ್ಕಿಳಿಯಿತಂತೆ. ನನ್ನದು ಮೊದಲೇ ಆಟೋ, ಇಳಿಯೋಕೆ ಜಾಗ ಇರಲಿಲ್ಲ.

ಹುಡುಗ ನನ್ನ ಮಾತು ನಂಬಿದ. ನಂಬಿದ್ದರಿಂದಲೇ ತಪ್ಪು ದಾರಿ ಹಿಡಿದ. ಎಸ್‌ಎಂಪಿಎಸ್ ಬದಲಿಸಿದ, ರ‍್ಯಾಮ್ ಬದಲಿಸಿದ, ಒಂದು ಗಂಟೆ ಒದ್ದಾಡಿ ಕೊನೆಗೆ ಪ್ರೊಸೆಸರ್ ತೆಗೆದು ಬೇರೆ ಬೋರ್ಡಿಗೆ ಹಾಕಿದ. ಅಲ್ಲೂ ಸತ್ತಿತ್ತು. ಮಾಲೀಕರು ಕುರ್ಚಿಯಿಂದ ಏಳದೆ ಕೇಳಿದರು, 'ಇದನ್ನ ಕೂರಿಸಿದ್ದು ಯಾರು?'

'ನಾನೇ ಅಣ್ಣ.'

'ಪೇಸ್ಟ್ ನೆಟ್ಟಗೆ ಹಚ್ಚಿರಲ್ಲ ನೀನು. ನಾಲ್ಕು ತಿಂಗಳಿಗೆ ಪ್ರೊಸೆಸರ್ ಹಂಗೇ ಸಾಯ್ತದಾ? ಹಿಂದಿನ ವಾರಾನೂ ಒಂದು ವಾಪಸ್ ಬಂತು.'

'ಪೇಸ್ಟ್ ಸರಿಯಾಗೇ ಇದೆ ಅಣ್ಣ,' ಅಂತ ಅವನು ಮೆಲ್ಲಗೆ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ. ಕ್ಯಾಬಿನೆಟ್ ಅಲ್ಲೇ ಬಿಟ್ಟು, ಚೀಟಿ ಜೇಬಿಗೆ ಹಾಕಿಕೊಂಡು ಮಾರ್ಕೆಟ್‌ನಲ್ಲಿ ಬಸ್ ಹತ್ತಿದೆ.

ಬಸ್ಸಿನಲ್ಲಿ ಸಮರ್ಥನೆಗಳಿಗೆ ಬರ ಇರಲಿಲ್ಲ. ಅಷ್ಟು ದೊಡ್ಡ ಕಂಪನಿಗೆ ಹದಿಮೂರು ಸಾವಿರ ಯಾವ ಲೆಕ್ಕ? ವೇಗ ಏರಿಸಬಹುದು ಅಂತ ಜಾಸ್ತಿ ದುಡ್ಡಿಗೆ ಮಾರೋರೂ ಅವರೇ, ಏರಿಸಿದರೆ ವಾರಂಟಿ ಇಲ್ಲ ಅನ್ನೋರೂ ಅವರೇ. ಇದರಲ್ಲಿ ಸ್ವಲ್ಪ ಹುರುಳಿದೆ ಅಂತ ಈಗಲೂ ಅನ್ನಿಸುತ್ತೆ. ಆದರೆ ಇಂಟೆಲ್ ಕಂಪನಿಯೇ 2012ರಲ್ಲಿ, ಹೀಗೆ ಸುಟ್ಟುಕೊಂಡವರಿಗೆ ಒಂದು ಸಲ ಬದಲಿ ಕೊಡುವ ಯೋಜನೆಯನ್ನು ಪ್ರತ್ಯೇಕ ದುಡ್ಡಿಗೆ ಮಾರಲು ಶುರುಮಾಡಿತ್ತು. ಅಂದರೆ ಈ ಹುಚ್ಚಿಗೂ ಒಂದು ನ್ಯಾಯವಾದ ಬೆಲೆ ಇತ್ತು. ನಾನು ಅಂಥದ್ದೇನೂ ಕೊಂಡಿರಲಿಲ್ಲ.

ಇಷ್ಟಾಗಿಯೂ ನನ್ನನ್ನು ಕಾಡಿದ್ದು ಕಂಪನಿಯಲ್ಲ. ಅಪ್ಪ.

ನಮ್ಮೂರು ಸಿರಾ ತಾಲ್ಲೂಕಿನದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತಲ್ಲಿ ಸಿಂಗಲ್ ಫೇಸ್ ಬಂದರೆ, ಕೆಪಾಸಿಟರ್ ಕಟ್ಟಿ ಅದರಲ್ಲೇ ಮೋಟಾರ್ ಓಡಿಸುವ ಉಪಾಯ ಎಷ್ಟೋ ಜನ ಮಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಪ್ಪನೂ ಮಾಡಿದರು, ವೈಂಡಿಂಗ್ ಸುಟ್ಟಿತು. ಮೋಟಾರನ್ನು ಸಿರಾಕ್ಕೆ ಹೊತ್ತುಕೊಂಡು ಹೋದಾಗ ನಾನೂ ಜೊತೆಗಿದ್ದೆ. ವೈಂಡಿಂಗ್ ಮಾಡುವವನು ಕೇಳುವ ಮೊದಲೇ ಅಪ್ಪ, 'ಸಿಂಗಲ್ ಫೇಸಲ್ಲಿ ಓಡಿಸ್ಬಿಟ್ಟೆ ಕಣಪ್ಪ, ಗಿಡ ಒಣಗ್ತಿದ್ವು' ಅಂದರು. ಹೊರಗೆ ಬಂದ ಮೇಲೆ ನಾನು, 'ಯಾಕಪ್ಪ ಹೇಳ್ದೆ? ಅವನು ಬೈದ' ಅಂದೆ. 'ಹೇಳ್ದೆ ಹೋದ್ರೆ ಇದು ಇನ್ನೊಂದ್ಸಲ ಸುಟ್ಟಾಗ ಅವನ ಕೆಲಸ ಸರಿಯಿಲ್ಲ ಅಂತ ಊರೆಲ್ಲ ಅಂತಾರೆ. ಸುಟ್ಟೋನು ನಾನು, ಹೆಸರು ಕೆಡೋದು ಅವನ್ದಾ?' ಅಂದರು.

ಸುಳ್ಳು ಹೇಳಬಾರದು ಅಂತ ಅಪ್ಪ ಹೇಳಲಿಲ್ಲ. ಅವರು ಹೇಳಿದ್ದು ಬೇರೆ, ಮತ್ತು ನನ್ನ ಪ್ರಕಾರ ಇನ್ನೂ ಕಷ್ಟದ್ದು. ನಾವು ಬಚ್ಚಿಟ್ಟ ಕಾರಣ ಎಲ್ಲೂ ಮಾಯವಾಗುವುದಿಲ್ಲ. ಕೆಟ್ಟ ಯಂತ್ರದ ಮುಂದೆ ನಿಂತವರಿಗೆ ಒಂದು ಕಾರಣ ಬೇಕೇ ಬೇಕು. ನಿಜವಾದದ್ದು ಸಿಗದಿದ್ದರೆ ಅವರು ಹತ್ತಿರದಲ್ಲಿ, ಕೆಳಗಿನ ಸ್ಥಾನದಲ್ಲಿ, ಎದುರುತ್ತರ ಕೊಡದೆ ನಿಂತವನನ್ನು ಹಿಡಿಯುತ್ತಾರೆ.

ಹಾಗಾದರೆ ಆ ಹುಡುಗ ಅವತ್ತು ರಜೆ ಹಾಕಿದ್ದರೆ, ಬೈಗುಳ ನನ್ನ ಕಿವಿಗೆ ಬೀಳದೇ ಇದ್ದರೆ, ನಾನು ಮಾಡಿದ್ದು ಸರಿಯಾಗುತ್ತಿತ್ತಾ? ಈ ಪ್ರಶ್ನೆಯನ್ನು ಎರಡು ದಿನ ತಿರುವಿ ಹಾಕಿದೆ. ಇಲ್ಲ. ಬೇರೆ ಯಾರ ತಲೆಗೋ ಬೀಳುತ್ತಿತ್ತು, ನನಗೆ ಕಾಣಿಸುತ್ತಿರಲಿಲ್ಲ, ಅಷ್ಟೇ. 'ಯಾರಿಗೂ ತೊಂದರೆಯಾಗಲಿಲ್ಲವಲ್ಲ' ಅಂತ ನಾವು ಅನ್ನುವಾಗ ಬಹಳ ಸಲ ಅದರ ಅರ್ಥ, ತೊಂದರೆಯಾದವರು ನಮಗೆ ಕಾಣಿಸಲಿಲ್ಲ ಅಂತ.

ಮೂರನೇ ದಿನ ಹೋದೆ. ಪ್ರೊಸೆಸರ್ ಇನ್ನೂ ಡ್ರಾಯರಿನಲ್ಲೇ ಇತ್ತು. ಮಾಲೀಕರಿಗೆ, ಹುಡುಗನಿಗೂ ಕೇಳುವ ಹಾಗೆ, ಹೇಳಿದೆ. ಅವರು ನಕ್ಕರು. 'ಎಲ್ಲಾ ಹಿಂಗೇ ಮಾಡೋದು ಸರ್. ಕಳಿಸ್ತೀನಿ, ಬಂದ್ರೆ ಬರ್ಲಿ ಬಿಡಿ.' ಬೇಡ ಅಂದು ಹೊಸದಕ್ಕೆ ದುಡ್ಡು ಕೊಟ್ಟೆ. ಇದರಲ್ಲಿ ದೊಡ್ಡ ಧೈರ್ಯ ಏನೂ ಇಲ್ಲ, ಹಿಂದಿನ ದಿನ ಸಂಬಳ ಬಂದಿತ್ತು. ತಿಂಗಳ ಕೊನೆಯಾಗಿದ್ದರೆ ಏನು ಮಾಡುತ್ತಿದ್ದೆನೋ, ಆಣೆ ಮಾಡಿ ಹೇಳಲಾರೆ.

ಹುಡುಗ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಕೇಳಿದ, 'ಎಷ್ಟು ಕೊಟ್ಟಿದ್ರಿ ಸರ್?'

'1.55.'

'ಡಬ್ಬೀಲಿ ಬಂದ ಫ್ಯಾನಲ್ಲೇನಾ?'

'ಹೂಂ.'

'ಅವತ್ತೇ ಹೇಳಿದ್ರೆ ಐದು ನಿಮಿಷದ ಕೆಲ್ಸ ಇತ್ತಲ್ಲ ಸರ್.' ಇಷ್ಟೇ ಅಂದ.

ಹೊಸ ಪ್ರೊಸೆಸರ್ ಕೂರಿಸಿ, ಮೇಲೆ ಪೇಸ್ಟ್ ಹಚ್ಚಿ, ಫ್ಯಾನ್ ಒತ್ತುವ ಮೊದಲು ಬೋರ್ಡನ್ನು ನನ್ನ ಕಡೆ ತಿರುಗಿಸಿದ. 'ಒಂದ್ಸಲ ನೋಡ್ಕೊಳ್ಳಿ.'

'ಬೇಡಪ್ಪ, ನಂಗೊತ್ತು.'

'ಇಲ್ಲ ಸರ್, ನೋಡಿ.'

ನೋಡಿದೆ.