ನೆಲ ಡೊಂಕೆನ್ನುವ ಮುನ್ನ

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು, ತನ್ನ ಕೊರತೆಯನ್ನು ಹೊರಗಿನ ಕಾರಣದ ಮೇಲೆ ಹೊರಿಸುವವರನ್ನು ಕುರಿತು ಬಳಸುವುದು ರೂಢಿ. ಅದರಲ್ಲಿ ಬರುವುದು ಕುಣಿಯುವವಳು ಮತ್ತು ನೆಲ ಎರಡೇ. ನೆಲವನ್ನು ಹದಮಾಡಿದವರು ಯಾರು, ಕುಣಿತ ಕಲಿಸಿದವರು ಯಾರು ಎಂಬುದನ್ನು ಗಾದೆ ಕೇಳುವುದಿಲ್ಲ. ತಾನು ಕುಣಿಯದೆ ಇತರರನ್ನು ಕುಣಿಸುವವನಿಗೆ ಗಾದೆಯನ್ನು ಅನ್ವಯಿಸಿದಾಗ ಆ ಪ್ರಶ್ನೆಗಳು ಏಳುತ್ತವೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಅಂಥವನು: ಅಂಕಣದ ಗೆರೆಯಾಚೆ ನಿಲ್ಲುವ ಅವನು ಚೆಂಡನ್ನು ಒಮ್ಮೆಯೂ ಬುಟ್ಟಿಗೆ ಎಸೆಯುವುದಿಲ್ಲ, ಆದರೂ ಸೋಲುಗೆಲುವುಗಳು ಅವನ ಹೆಸರಿನ ಮುಂದೆಯೇ ದಾಖಲಾಗುತ್ತವೆ.

ಈ ಲೆಕ್ಕ ಅನ್ಯಾಯವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ವೃತ್ತಿಪರ ತಂಡಗಳಲ್ಲಿ ಆಟಗಾರರನ್ನು ಆರಿಸುವ ಅಧಿಕಾರ ಬಹುಪಾಲು ಆಡಳಿತದ ಕೈಯಲ್ಲಿದ್ದರೆ, ಕಾಲೇಜಿನಲ್ಲಿ ಪ್ರೌಢಶಾಲೆಯ ಹುಡುಗರ ಆಟವನ್ನು ನೋಡಿ, ಅವರ ಮನೆಗೆ ಹೋಗಿ, ತಂದೆತಾಯಿಯರನ್ನು ಒಪ್ಪಿಸಿ, ವಿದ್ಯಾರ್ಥಿವೇತನ ಕೊಟ್ಟು ಕರೆತರುವ ‘ರಿಕ್ರೂಟಿಂಗ್’ ಎಂಬ ಕೆಲಸವನ್ನು ಮುನ್ನಡೆಸುವವನು ಕೋಚ್. ಯಾರು ಎಷ್ಟು ಹೊತ್ತು ಆಡಬೇಕು, ಯಾವ ವ್ಯೂಹದಲ್ಲಿ ಆಡಬೇಕು ಎಂಬುದನ್ನು ನಿರ್ಧರಿಸುವವನೂ ಅವನೇ. ಆದುದರಿಂದ ‘ನನ್ನ ಹುಡುಗರು ಸಾಲದು’ ಎನ್ನುವ ಕೋಚ್, ತಾನೇ ಹದಮಾಡಿದ ನೆಲವನ್ನು ಡೊಂಕೆಂದು ದೂರಿದಂತಾಗುತ್ತದೆ. 1948ರಲ್ಲಿ ಯುಸಿಎಲ್ಎ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದು, 1964ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಗಳಿಸಿ, 1975ರಲ್ಲಿ ನಿವೃತ್ತರಾಗುವ ವೇಳೆಗೆ 12 ವರ್ಷಗಳಲ್ಲಿ 10 ಪ್ರಶಸ್ತಿಗಳನ್ನು ಪಡೆದಿದ್ದ ಜಾನ್ ವುಡನ್, ಕಾಲಿನಲ್ಲಿ ಬೊಬ್ಬೆ ಏಳದಂತೆ ಸಾಕ್ಸನ್ನು ಸುಕ್ಕಿಲ್ಲದೆ ಹಾಕಿಕೊಳ್ಳುವುದರಿಂದಲೇ ಪ್ರತಿವರ್ಷದ ಪಾಠವನ್ನು ಆರಂಭಿಸುತ್ತಿದ್ದರು. ಆಟಗಾರನ ಹಿಮ್ಮಡಿಯ ಬೊಬ್ಬೆಯೂ ಕಲಿಸುವವನ ಹೊಣೆಗೆ ಸೇರಿದ್ದೆಂಬ ಭಾವನೆ ಆ ಪಾಠದಲ್ಲಿದೆ.

ಹೊಣೆಯ ನಿಜವಾದ ಪರೀಕ್ಷೆ ನಡೆಯುವುದು ಒಬ್ಬ ಆಟಗಾರನ ತಪ್ಪು ಎಲ್ಲರ ಕಣ್ಣಿಗೂ ಬಿದ್ದಾಗ. 1982ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ, ಆಗ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಮೈಕೆಲ್ ಜೋರ್ಡಾನ್ ಗಳಿಸಿದ ಅಂಕಗಳಿಂದ ನಾರ್ತ್ ಕೆರೊಲಿನಾ 63–62ರಿಂದ ಮುಂದಾಗಿತ್ತು. ಉಳಿದ ಕೆಲವೇ ಕ್ಷಣಗಳಲ್ಲಿ ಗೆಲುವಿಗೆ ಯತ್ನಿಸುತ್ತಿದ್ದ ಜಾರ್ಜ್‌ಟೌನ್ ತಂಡದ ಫ್ರೆಡ್ ಬ್ರೌನ್, ತನ್ನವನೆಂದು ಭ್ರಮಿಸಿ ಎದುರಾಳಿ ಜೇಮ್ಸ್ ವರ್ದಿಯ ಕೈಗೆ ಚೆಂಡನ್ನಿತ್ತನು, ಪಂದ್ಯ ಕೈತಪ್ಪಿತು. ದೇಶವೆಲ್ಲ ನೋಡುತ್ತಿರುವಾಗ ಕೋಚ್ ಜಾನ್ ಥಾಂಪ್ಸನ್ ಮಾಡಿದ್ದು ಆ ಹುಡುಗನನ್ನು ಅಪ್ಪಿಕೊಂಡದ್ದು. ಇದನ್ನು ಕೇವಲ ಕರುಣೆಯೆಂದು ಓದಿದರೆ ಅದರ ಅರ್ಥದ ಅರ್ಧ ಭಾಗ ತಪ್ಪಿಹೋಗುತ್ತದೆ. ಒತ್ತಡದ ಗಳಿಗೆಯಲ್ಲಿ ಕೈ ಏನು ಮಾಡುತ್ತದೆಂಬುದು ತಿಂಗಳುಗಟ್ಟಲೆಯ ಅಭ್ಯಾಸದಿಂದ ರೂಪುಗೊಂಡಿರುತ್ತದೆಯಾದ್ದರಿಂದ, ಆ ಕೈಯ ತಪ್ಪನ್ನು ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನ ತಲೆಗೇ ಕಟ್ಟಿಬಿಡುವ ಹಕ್ಕು ಅಭ್ಯಾಸ ಮಾಡಿಸಿದವನಿಗಿಲ್ಲ. ಎರಡು ವರ್ಷಗಳ ಬಳಿಕ, 1984ರಲ್ಲಿ, ಬ್ರೌನ್ ಇನ್ನೂ ತಂಡದಲ್ಲಿರುವಾಗಲೇ ಜಾರ್ಜ್‌ಟೌನ್ ಪ್ರಶಸ್ತಿ ಗೆದ್ದಿತು, ಮತ್ತು ಥಾಂಪ್ಸನ್ ಆ ಪ್ರಶಸ್ತಿ ಗಳಿಸಿದ ಮೊದಲ ಕಪ್ಪುವರ್ಣೀಯ ಕೋಚ್ ಆದರು.

ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಗಾದೆಯನ್ನು ಬಳಸುವವರು ಇದನ್ನು ಮರೆಯುವುದು ಹೆಚ್ಚು. 2018ರಲ್ಲಿ ಕೋಚ್ ಟೋನಿ ಬೆನೆಟ್ ಅವರ ವರ್ಜೀನಿಯಾ ತಂಡ, ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಯುಎಂಬಿಸಿ ತಂಡದ ಎದುರು 74–54ರಿಂದ ಸೋತಿತು. ಪಂದ್ಯಾವಳಿಯ ಪ್ರತಿ ವಿಭಾಗದಲ್ಲಿಯೂ ತಂಡಗಳಿಗೆ 1ರಿಂದ 16ರವರೆಗೆ ಶ್ರೇಯಾಂಕ ಕೊಡಲಾಗುತ್ತದೆ. ಪುರುಷರ ಪಂದ್ಯಾವಳಿಯ ಇತಿಹಾಸದಲ್ಲಿ ಮೊದಲನೆಯ ಶ್ರೇಯಾಂಕದ ತಂಡ ಹದಿನಾರನೆಯದಕ್ಕೆ ಸೋತದ್ದು ಅದೇ ಮೊದಲು. ಪ್ರಮುಖ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟಿನ ಮೂಳೆ ಮುರಿದು ಹೊರಗುಳಿದಿದ್ದನಾದರೂ, ಬೆನೆಟ್ ಆ ಕಾರಣದ ಮರೆಗೆ ಸರಿಯದೆ ಎದುರಾಳಿಗಳು ತಮಗಿಂತ ಚೆನ್ನಾಗಿ ಆಡಿದರೆಂದು ಒಪ್ಪಿಕೊಂಡು, ಮುಂದಿನ ಋತುವಿನಲ್ಲಿ ತಮ್ಮ ಆಕ್ರಮಣದ ಕ್ರಮವನ್ನೂ ತಿದ್ದಿಕೊಂಡರು. 2019ರಲ್ಲಿ ಅದೇ ತಂಡ ಟೆಕ್ಸಾಸ್ ಟೆಕ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಗೆದ್ದು ಪ್ರಶಸ್ತಿ ಪಡೆದಾಗ ಹಂಟರ್ 27 ಅಂಕ ಗಳಿಸಿದ್ದನು. ಹಿಂದಿನ ವರ್ಷ ನೆಲ ಎಷ್ಟು ಡೊಂಕಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆ ಸಾಕ್ಷ್ಯವನ್ನು ಅವರು ಬಳಸಲಿಲ್ಲವೆಂಬುದೇ ಗೌರವಕ್ಕೆ ಅರ್ಹವಾದದ್ದು.

2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗೆ ಹಣ ಪಡೆಯಲು, ಒಂದು ವರ್ಷ ಆಡದೆ ಕಾಯುವ ಕಟ್ಟಳೆಯಿಲ್ಲದೆ ಬೇರೆ ಕಾಲೇಜಿಗೆ ಹೋಗಲು ಅವಕಾಶವಾಯಿತು. ಕೋಚ್ ಹದಮಾಡಿದ ನೆಲ ವರ್ಷವರ್ಷವೂ ಕದಲತೊಡಗಿತು. 2024ರ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದ ಬೆನೆಟ್, ಆಟಗಾರರಿಗೆ ಹಣ ಸಲ್ಲುವುದು ನ್ಯಾಯವೆಂದೂ, ಕಾಲೇಜು ಕ್ರೀಡೆ ಆರೋಗ್ಯಕರ ಸ್ಥಿತಿಯಲ್ಲಿಲ್ಲವೆಂದೂ, ಆದರೆ ಈ ಪರಿಸರದಲ್ಲಿ ತಂಡವನ್ನು ನಡೆಸಲು ತಾವು ಇನ್ನು ತಕ್ಕವರಲ್ಲವೆಂದೂ ಹೇಳಿದರು. ನೆಲದ ಡೊಂಕನ್ನೂ ತನ್ನ ಮಿತಿಯನ್ನೂ ಒಂದರ ಹಿಂದೆ ಇನ್ನೊಂದನ್ನು ಅಡಗಿಸದೆ ಹೇಳುವ ಈ ಪ್ರಾಮಾಣಿಕತೆ ಅಪರೂಪದ್ದು. ಆದರೂ ಋತು ಆರಂಭವಾಗಲು ಕೆಲವೇ ವಾರಗಳಿದ್ದಾಗ ಆ ಮಾತು ಬಂದುದರಿಂದ, ಅವರನ್ನು ನಂಬಿ ಬಂದಿದ್ದ ಹುಡುಗರು ಹಂಗಾಮಿ ಕೋಚ್ ರಾನ್ ಸ್ಯಾಂಚೆಜ್ ಅವರ ಕೈಕೆಳಗೆ ಆಡಬೇಕಾಯಿತು. ಆ ವರ್ಷದ ಲೆಕ್ಕದಲ್ಲಿ ಬೆನೆಟ್ ಅವರ ಪಾಲೂ ಇದೆಯೆಂಬುದನ್ನು ಅವರನ್ನು ಗೌರವಿಸುವವರೂ ಅಲ್ಲಗಳೆಯಲಾಗದು.