ಬ್ಯಾನಿ ಎಷ್ಟೈತಬೇ?

2017ರಲ್ಲಿ ಅಳವಂಡಿಯ ನಮ್ಮ ದೊಡ್ಡವ್ವನ ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಾಗ, ಪಟ್ಟಣದ ಆಸ್ಪತ್ರೆಯವರು ಪ್ಯಾರಾಸಿಟಮಾಲ್ ಬರೆದು ಮನೆಗೆ ಕಳಿಸಿದರು. ಮಾರ್ಫಿನ್ ಕೇಳಿದೆ. 'ಚಟ ಹತ್ತತೈತ್ರಿ. ಉಸಿರು ನಿಂತರ ಯಾರು ಹೊಣಿ?' ಎಂದರು ಸಿಸ್ಟರ್. ಪಾಪ, ಕಲಿಸಿದವರು ಅವರಿಗೆ ಹೆದರಿಕೆಯನ್ನಷ್ಟೇ ಕಲಿಸಿದ್ದರು.

ಆ ಹೆದರಿಕೆಯಲ್ಲಿ ಅರ್ಧ ನಿಜವಿದೆ. ಅಫೀಮಿನಿಂದ ಬರುವ ಈ ಮದ್ದು ಅತಿಯಾದರೆ ಉಸಿರನ್ನು ಕುಗ್ಗಿಸುತ್ತದೆ. ಬಲ್ಲ ದಾದಿಗೆ ಉಳಿದರ್ಧವೂ ಗೊತ್ತಿರುತ್ತದೆ. ಸಣ್ಣ ಅಳತೆಯಿಂದ ಶುರುಮಾಡಿ, ನಾಲ್ಕು ತಾಸಿಗೊಮ್ಮೆ ಬಾಯಿಂದ ಕೊಟ್ಟು, ಮಂಪರನ್ನೂ ಉಸಿರನ್ನೂ ನೋಡುತ್ತ ಏರಿಸಿದರೆ ಉಸಿರು ನಿಲ್ಲುವುದು ತೀರ ಅಪರೂಪ. ಸಾಮಾನ್ಯವಾಗಿ ಕಾಡುವುದು ಮಲಬದ್ಧತೆ. ಅದಕ್ಕೆ ಮೊದಲೇ ಮದ್ದು ಕೊಡಬೇಕು. ಮಿತಿಮೀರಿದರೆ ತಿರುಗಿಸಲು ನಲೋಕ್ಸೋನ್ ಇದೆ. ದೇಹ ಮದ್ದಿಗೆ ಒಗ್ಗುವುದೇ ಬೇರೆ, ಚಟವೇ ಬೇರೆ.

ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡು ನಮ್ಮದು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ನಮ್ಮ ರೋಗಿಗಳಿಗೇ ಮಾರ್ಫಿನ್ ದುರ್ಲಭವಾಯಿತು. 2014ರಲ್ಲಿ ಕಾಯ್ದೆಯನ್ನು ಸಡಿಲಿಸಿದರು. ಕೊಡುವ ಕೈ ಅಷ್ಟು ಬೇಗ ಸಡಿಲಾಗಲಿಲ್ಲ.

ಯಾಕೆಂದರೆ ಕೊಟ್ಟ ಒಂದೊಂದು ಗುಳಿಗೆಗೂ ಆಸ್ಪತ್ರೆಯಲ್ಲಿ ಲೆಕ್ಕದ ಪುಸ್ತಕವಿದೆ. ಕೊಡದೆ ಹೋದದ್ದಕ್ಕೆ, ಅದರಿಂದ ಒಬ್ಬರು ನರಳಿದ ರಾತ್ರಿಗಳಿಗೆ, ಯಾವ ಪುಸ್ತಕವೂ ಇಲ್ಲ. ಹಾಗಾಗಿ ಕೊಡದವರು ಯಾವತ್ತೂ ತಪ್ಪಿತಸ್ಥರಾಗುವುದಿಲ್ಲ. ಇದನ್ನು ನಾವು ಎಚ್ಚರಿಕೆ ಎನ್ನುತ್ತೇವೆ.

ಮೊಮ್ಮಕ್ಕಳು ಏಳಬಾರದೆಂದು ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನರಳುತ್ತಿದ್ದಳು. 'ಬ್ಯಾನಿ ಎಷ್ಟೈತಬೇ?' ಎಂದು ಒಮ್ಮೆಯೂ ನಾನು ಕೇಳಲಿಲ್ಲ. ಕೇಳಿದ್ದರೆ, ಕೊಡಲು ಕೈಯಲ್ಲಿ ಏನಿತ್ತು?